ಕ್ಲೋರಿನ್ ವಿಷಗಳೂ ಗಾಳಿಯೊಲ್ಲದ ಜೀವಾಣುಗಳೂ

ಬೇಸಗೆಯಲ್ಲಿ ನೀರಿಳಿದ ಕೆರೆಯ ಅಂಚಿನಲ್ಲಿ ನಿಂತು ತಳದ ಕರಿಯ ಕೆಸರನ್ನು ಕೋಲಿನಿಂದ ಕಲಕಿದರೆ ಗುಳುಗುಳನೆ ಗುಳ್ಳೆಗಳೇಳುವುದನ್ನು ಹಳ್ಳಿಯಲ್ಲಿ ಬೆಳೆದವರು ನೋಡಿರುತ್ತಾರೆ. 1776ರಲ್ಲಿ ಇಟಲಿಯ ಮಜ್ಜೋರೆ ಸರೋವರದಲ್ಲಿ ಅಲೆಸ್ಸಾಂಡ್ರೊ ವೋಲ್ಟಾ ಇಂತಹ ಗುಳ್ಳೆಗಳನ್ನು ಹಿಡಿದಿಟ್ಟು, ಅವುಗಳಲ್ಲಿರುವ ಅನಿಲ ಹೊತ್ತಿ ಉರಿಯುವುದೆಂದು ತೋರಿಸಿದನು. ವಿದ್ಯುತ್ಕೋಶದ ಪಾಠದಲ್ಲಿ ನಮಗೆ ಪರಿಚಿತನಾದ ವೋಲ್ಟಾ ಇವನೇ. ಆ ಅನಿಲವೇ ಮಿಥೇನ್. ನಮ್ಮ ಮನೆಗಳ ಹಿತ್ತಿಲಲ್ಲಿರುವ ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಹುಟ್ಟುವುದೂ ಅದೇ. ಆಮ್ಲಜನಕದ ಸೋಂಕಿಲ್ಲದ ಕಡೆ ಬಾಳುವ ಸೂಕ್ಷ್ಮಜೀವಿಗಳು ಸತ್ತ ಎಲೆ, ಸಗಣಿ, ಕೊಳಚೆ ಮೊದಲಾದುವನ್ನು ಹಂತಹಂತವಾಗಿ ಮುರಿದು ಕೊನೆಗೆ ಮಿಥೇನನ್ನು ಹೊರಬಿಡುತ್ತವೆ. ಗಾಳಿಯನ್ನೊಲ್ಲದ ಈ ಜೀವಿಗಳನ್ನು ಅವಾಯುಜೀವಿಗಳೆಂದು ಕರೆಯೋಣ.

ಊರಿನ ಮತ್ತು ಕಾರ್ಖಾನೆಗಳ ಕೊಳಚೆನೀರನ್ನು ಶುದ್ಧಿಪಡಿಸುವ ಕೆಲಸಕ್ಕೆ ಇವನ್ನು ಹೂಡುವುದು ಹಳೆಯ ವಿದ್ಯೆ. 1970ರ ದಶಕದಲ್ಲಿ ಹಾಲೆಂಡಿನ ಖಾಟ್ಜೆ ಲೆಟಿಂಗ ಎಂಬ ವಿಜ್ಞಾನಿ ಇದಕ್ಕೆ ಹೊಸ ರೂಪವನ್ನು ಕೊಟ್ಟನು. ಕೊಳಚೆನೀರನ್ನು ತೊಟ್ಟಿಯ ತಳದಿಂದ ಮೇಲಕ್ಕೆ ನಿಧಾನವಾಗಿ ಹರಿಯಿಸಿದರೆ ಜೀವಾಣುಗಳು ಒಂದಕ್ಕೊಂದು ಅಂಟಿಕೊಂಡು ಸಾಸಿವೆಕಾಳಿನಂತಹ ಗುಂಡುಗಳಾಗಿ ತಳದಲ್ಲಿಯೇ ನಿಲ್ಲುತ್ತವೆ. ನೀರು ಮಾತ್ರ ಅವುಗಳ ನಡುವೆ ನುಸುಳಿ ಹೊರಹೋಗುತ್ತದೆ. ಗಂಗಾ ಕ್ರಿಯಾಯೋಜನೆಯ ಅಂಗವಾಗಿ 1980ರ ದಶಕದ ಕೊನೆಯಲ್ಲಿ ಕಾನ್ಪುರದಲ್ಲಿ ಕಟ್ಟಿದ ತೊಟ್ಟಿ ಈ ಬಗೆಯದೇ. ಈ ಕಾಳುಗಳ ಮಹತ್ವವೇನೆಂಬುದು ಮುಂದೆ ತಿಳಿದೀತು.

ಇರಲಿ. ಸಗಣಿಯನ್ನೂ ಸಕ್ಕರೆಯನ್ನೂ ಜೀರ್ಣಿಸಿಕೊಳ್ಳುವ ಈ ಜೀವಿಗಳ ಮುಂದೆ ಕ್ಲೋರಿನ್ ಸೇರಿದ ಇಂಗಾಲದ ಸಂಯುಕ್ತಗಳನ್ನು ಇಟ್ಟರೆ ಏನಾಗುತ್ತದೆ? ಇಲ್ಲಿ ನಾವು ಹೇಳುತ್ತಿರುವುದು ಕುಡಿಯುವ ನೀರಿಗೆ ಬೆರೆಸುವ ಬ್ಲೀಚಿಂಗ್ ಪುಡಿಯ ಮಾತಲ್ಲ; ಅಡುಗೆಯ ಉಪ್ಪಿನಲ್ಲಿರುವ ಕ್ಲೋರಿನಿನ ಮಾತೂ ಅಲ್ಲ. ಇಂಗಾಲದ ಪರಮಾಣುವಿಗೆ ನೇರವಾಗಿ ಕ್ಲೋರಿನ್ ಪರಮಾಣು ಅಂಟಿಕೊಂಡಿರುವ ವಸ್ತುಗಳ ಮಾತು. ಬಟ್ಟೆಗಳನ್ನು ನೀರಿಲ್ಲದೆ ಒಗೆಯುವ ಡ್ರೈ ಕ್ಲೀನಿಂಗ್ ಅಂಗಡಿಗಳ ದ್ರಾವಕ, ಲೋಹದ ಭಾಗಗಳಿಂದ ಜಿಡ್ಡನ್ನು ತೆಗೆಯುವ ದ್ರಾವಕ, ಮರಕ್ಕೆ ಗೆದ್ದಲು ಹತ್ತದಂತೆ ಬಳಿಯುತ್ತಿದ್ದ ಪೆಂಟಾಕ್ಲೋರೋಫೀನಾಲ್, ಕ್ಲೋರಿನಿನಿಂದ ಕಾಗದದ ತಿರುಳನ್ನು ಬಿಳುಪು ಮಾಡಿದಾಗ ಹುಟ್ಟುವ ಹಲವು ವಸ್ತುಗಳು, ಇವೆಲ್ಲವೂ ಈ ಕುಲದವು. ಎಲ್ಲವನ್ನೂ ಒಂದೇ ಲೇಖನದಲ್ಲಿ ವಿವರಿಸಲಾಗದು. ಡ್ರೈ ಕ್ಲೀನಿಂಗಿನ ದ್ರಾವಕವಾದ ಟೆಟ್ರಾಕ್ಲೋರೋಈಥೀನನ್ನು ಉದಾಹರಣೆಯಾಗಿ ತೆಗೆದುಕೊಳ್ಳೋಣ.

ಇದರ ಅಣುವಿನ ರಚನೆ ಬಹು ಸರಳ. ಜೋಡಿಬಂಧದಿಂದ ಸೇರಿದ ಎರಡು ಇಂಗಾಲದ ಪರಮಾಣುಗಳು. ಅವುಗಳ ನಾಲ್ಕು ಕೈಗಳಲ್ಲಿಯೂ ಒಂದೊಂದು ಕ್ಲೋರಿನ್. ಆಮ್ಲಜನಕವನ್ನು ಉಸಿರಾಡುವ ಸಾಮಾನ್ಯ ಜೀವಾಣುವಿಗೆ ಇದು ಕಬ್ಬಿಣದ ಕಡಲೆಯೇ ಸರಿ. ಆ ಜೀವಾಣುಗಳು ಆಹಾರದಿಂದ ಎಲೆಕ್ಟ್ರಾನುಗಳನ್ನು ಕಿತ್ತು ಆಮ್ಲಜನಕಕ್ಕೆ ಕೊಡುತ್ತವೆ; ನಾಲ್ಕು ಕಡೆಯಿಂದಲೂ ಕ್ಲೋರಿನ್ ಎಲೆಕ್ಟ್ರಾನುಗಳನ್ನು ಎಳೆದುಕೊಂಡಿರುವ ಇಂಗಾಲದಲ್ಲಿ ಕಿತ್ತುಕೊಳ್ಳಲು ಸುಲಭವಾಗಿ ಏನೂ ಸಿಕ್ಕದು. ಆದರೆ ಇದೇ ಅಣುವಿಗೆ ಎಲೆಕ್ಟ್ರಾನುಗಳನ್ನು ಕೊಡುವುದು ಸುಲಭ. ಅವಾಯುಜೀವಿಗಳಲ್ಲಿ ಕೆಲವು ಹಾಗೆಯೇ ಮಾಡುತ್ತವೆ. ಜಲಜನಕದ ಒಂದು ಅಣುವನ್ನು ತೆಗೆದುಕೊಂಡು, ಅದರ ಒಂದು ಪರಮಾಣುವನ್ನು ಕ್ಲೋರಿನಿನ ಜಾಗದಲ್ಲಿ ಕೂರಿಸಿ, ಇನ್ನೊಂದನ್ನು ಹೊರಬಿದ್ದ ಕ್ಲೋರಿನಿನೊಡನೆ ಹೈಡ್ರೊಕ್ಲೋರಿಕ್ ಆಮ್ಲವಾಗಿ ಕಳುಹಿಸುತ್ತವೆ. ನಾವು ಆಮ್ಲಜನಕವನ್ನು ಉಸಿರಾಡುವಂತೆ ಇವು ಕ್ಲೋರಿನಿನ ಸಂಯುಕ್ತವನ್ನು ಉಸಿರಾಡುತ್ತವೆ ಎಂದರೆ ಅದು ಅಲಂಕಾರದ ಮಾತಲ್ಲ. ಈ ಕ್ರಿಯೆಯಿಂದ ಬರುವ ಶಕ್ತಿಯೇ ಅವುಗಳ ಜೀವನಾಧಾರ.

ಹೀಗೆ ಒಂದೊಂದಾಗಿ ಕ್ಲೋರಿನ್ ಕಳಚುತ್ತ ಹೋದಂತೆ ಅಣು ಮೆಟ್ಟಿಲಿಳಿಯುತ್ತದೆ. ನಾಲ್ಕು ಕ್ಲೋರಿನಿನ ಟೆಟ್ರಾಕ್ಲೋರೋಈಥೀನ್ ಮೂರರ ಟ್ರೈಕ್ಲೋರೋಈಥೀನ್ ಆಗುತ್ತದೆ; ಅದು ಎರಡರ ಡೈಕ್ಲೋರೋಈಥೀನ್; ಅದು ಒಂದರ ವಿನೈಲ್ ಕ್ಲೋರೈಡ್; ಕೊನೆಗೆ ಕ್ಲೋರಿನ್ನೇ ಇಲ್ಲದ ಈಥೀನ್. ಕಾಯಿಗಳನ್ನು ಹಣ್ಣು ಮಾಡುವ ಎಥಿಲೀನ್ ಅನಿಲವೆಂದರೆ ಇದೇ, ಇದರಿಂದ ಭಯವಿಲ್ಲ.

ಈ ಮೆಟ್ಟಿಲುಗಳು ಒಮ್ಮೆಗೇ ಬೆಳಕಿಗೆ ಬಂದವಲ್ಲ. 1985ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ವೋಗೆಲ್ ಮತ್ತು ಮೆಕಾರ್ಟಿ ಎಂಬುವರು ಮಿಥೇನ್ ಹುಟ್ಟುವ ಪರಿಸ್ಥಿತಿಯಲ್ಲಿ ಟೆಟ್ರಾಕ್ಲೋರೋಈಥೀನ್ ವಿನೈಲ್ ಕ್ಲೋರೈಡಿನವರೆಗೆ ಇಳಿಯುವುದನ್ನು ತೋರಿಸಿದರು. 1989ರಲ್ಲಿ ಕಾರ್ನೆಲ್ ವಿಶ್ವವಿದ್ಯಾನಿಲಯದ ಫ್ರೀಡ್‌ಮನ್ ಮತ್ತು ಗಾಸೆಟ್ ಅದನ್ನು ಈಥೀನಿನವರೆಗೂ ಇಳಿಸಿದರು. 1997ರಲ್ಲಿ ಅದೇ ವಿಶ್ವವಿದ್ಯಾನಿಲಯದಲ್ಲಿ ಈ ಇಡೀ ದಾರಿಯನ್ನು ಒಂಟಿಯಾಗಿ ಕ್ರಮಿಸಬಲ್ಲ ಬ್ಯಾಕ್ಟೀರಿಯವೊಂದನ್ನು ಮೈಮೋ-ಗಾಟೆಲ್ ಮತ್ತು ಸಂಗಡಿಗರು ಪ್ರತ್ಯೇಕಿಸಿದರು. ಡೀಹ್ಯಾಲೋಕಾಕಾಯ್ಡಿಸ್ ಎಂದು ಅದಕ್ಕೆ ಹೆಸರಾಯಿತು. ಆದರೆ ಈ ಜೀವಾಣುವಿನ ನಡೆಯಲ್ಲಿ ಒಂದು ವಿಚಿತ್ರವಿತ್ತು. ಮೊದಲಿನ ಮೆಟ್ಟಿಲುಗಳನ್ನು ಅದು ಚುರುಕಾಗಿ ಇಳಿಯುತ್ತಿತ್ತು. ಕೊನೆಯ ಮೆಟ್ಟಿಲಿನಲ್ಲಿ, ಎಂದರೆ ವಿನೈಲ್ ಕ್ಲೋರೈಡನ್ನು ಈಥೀನಾಗಿಸುವಲ್ಲಿ, ಬಹು ನಿಧಾನವಾಗುತ್ತಿತ್ತು. ಆ ಕೊನೆಯ ಹೆಜ್ಜೆಯಿಂದ ಅದರ ಬೆಳವಣಿಗೆಗೆ ಏನೂ ದಕ್ಕುತ್ತಿರಲಿಲ್ಲ.

ನಮ್ಮ ಕಥೆಯ ತೊಡಕೆಲ್ಲವೂ ಇರುವುದು ಇಲ್ಲಿ. 1974ರಲ್ಲಿ ಅಮೆರಿಕದ ಕೆಂಟಕಿ ಸಂಸ್ಥಾನದ ಲೂಯಿವಿಲ್ ನಗರದಲ್ಲಿ, ವಿನೈಲ್ ಕ್ಲೋರೈಡಿನಿಂದ ಪಿ.ವಿ.ಸಿ. ತಯಾರಿಸುವ ಕಾರ್ಖಾನೆಯ ಕೆಲಸಗಾರರಲ್ಲಿ ಯಕೃತ್ತಿನ ಅತಿ ವಿರಳವಾದ ಒಂದು ಬಗೆಯ ಕ್ಯಾನ್ಸರ್ ಕಂಡುಬಂದ ವರದಿ ಹೊರಬಿತ್ತು. ವಿನೈಲ್ ಕ್ಲೋರೈಡ್ ಮನುಷ್ಯರಿಗೆ ಕ್ಯಾನ್ಸರ್ ತರುವುದೆಂಬುದು ಈಗ ನಿಸ್ಸಂದೇಹ. ಅಮೆರಿಕದಲ್ಲಿ ಕುಡಿಯುವ ನೀರಿಗೆ ವಿಧಿಸಿರುವ ಮಿತಿ ಟೆಟ್ರಾಕ್ಲೋರೋಈಥೀನಿಗೆ ಲೀಟರಿಗೆ 5 ಮೈಕ್ರೊಗ್ರಾಂ, ವಿನೈಲ್ ಕ್ಲೋರೈಡಿಗೆ ಅದಕ್ಕಿಂತಲೂ ಬಿಗಿಯಾಗಿ ಲೀಟರಿಗೆ 2 ಮೈಕ್ರೊಗ್ರಾಂ. ಎಂದರೆ, ಜೀವಾಣುಗಳು ನಮಗೆ ಉಪಕಾರ ಮಾಡುವ ದಾರಿಯಲ್ಲಿ ಮೊದಲಿದ್ದುದಕ್ಕಿಂತ ಕೆಟ್ಟ ವಿಷವೊಂದನ್ನು ತಯಾರಿಸಿ, ಅಲ್ಲಿಯೇ ಕುಳಿತುಬಿಡುವ ಸಂಭವವುಂಟು. ಎಷ್ಟು ತಯಾರಾದೀತು, ಎಷ್ಟು ಕಾಲ ಉಳಿದೀತು ಎಂಬುದನ್ನು ಮುಂಚಿತವಾಗಿ ತಿಳಿಯುವುದು ಹೇಗೆ? ಗಣಿತಮಾದರಿಯ ಅಗತ್ಯವೇಳುವುದು ಈ ಪ್ರಶ್ನೆಯಿಂದ.

ತಳದಲ್ಲಿ ತೂತಿರುವ ಎರಡು ಕೊಡಗಳನ್ನು ಒಂದರ ಮೇಲೊಂದು ತೂಗುಹಾಕಿದೆಯೆಂದು ಭಾವಿಸೋಣ. ಮೇಲಿನದರ ತೂತು ದೊಡ್ಡದು, ಕೆಳಗಿನದರ ತೂತು ಚಿಕ್ಕದು. ಮೇಲಿನ ಕೊಡವನ್ನು ತುಂಬಿದರೆ ನೀರು ಬೇಗನೆ ಕೆಳಗಿಳಿದು ಎರಡನೆಯದರಲ್ಲಿ ಶೇಖರವಾಗುತ್ತದೆ. ಮೇಲಿನ ಕೊಡ ಬರಿದಾಯಿತೆಂದು ಹಿಗ್ಗುವವನು ಕೆಳಗಿನದನ್ನು ನೋಡಿಲ್ಲ. (ತೂತಿನಿಂದ ನೀರು ಹೊರಬೀಳುವ ವೇಗ ನೀರಿನ ಎತ್ತರಕ್ಕಲ್ಲ, ಅದರ ವರ್ಗಮೂಲಕ್ಕೆ ಅನುಪಾತದಲ್ಲಿರುವುದೆಂದು ಟಾರಿಚೆಲ್ಲಿಯ ನಿಯಮವನ್ನು ಬಲ್ಲ ವಿದ್ಯಾರ್ಥಿಗಳು ಆಕ್ಷೇಪಿಸಬಹುದು. ಆಕ್ಷೇಪಣೆ ಸರಿಯೇ, ಉಪಮೆಯನ್ನು ಅಷ್ಟಕ್ಕೇ ಬಿಡೋಣ.)

ಭೌತಶಾಸ್ತ್ರದಲ್ಲಿ ಇದಕ್ಕೆ ಸರಿಯಾದ ಹೋಲಿಕೆಯೊಂದು ಮೊದಲೇ ಸಿದ್ಧವಾಗಿದೆ. ವಿಕಿರಣಪಟು ಧಾತುಗಳಲ್ಲಿ ತಾಯಿ ಅಳಿದು ಮಗಳಾಗುವುದು, ಮಗಳು ಅಳಿದು ಮೊಮ್ಮಗಳಾಗುವುದು ಉಂಟಷ್ಟೆ. ಪ್ರತಿಯೊಂದೂ ಅಳಿಯುವ ದರ ಆಗ ಇರುವ ಮೊತ್ತಕ್ಕೆ ಅನುಪಾತದಲ್ಲಿರುತ್ತದೆ. ಈ ಸರಣಿಯ ಸಮೀಕರಣಗಳನ್ನು ಹ್ಯಾರಿ ಬೇಟ್‌ಮನ್ ಎಂಬ ಗಣಿತಜ್ಞ 1910ರಲ್ಲಿ ಬಿಡಿಸಿಟ್ಟನು. ಅವನ ಲೆಕ್ಕವನ್ನೇ ನಮ್ಮ ಕೊಳಚೆನೀರಿಗೆ ಎರವಲು ತರೋಣ. ನಡುವಿನ ಎರಡು ಮೆಟ್ಟಿಲುಗಳನ್ನು ಸದ್ಯಕ್ಕೆ ಮರೆತು, ಟೆಟ್ರಾಕ್ಲೋರೋಈಥೀನ್ ತಾಯಿಯೆಂದೂ ವಿನೈಲ್ ಕ್ಲೋರೈಡ್ ಮಗಳೆಂದೂ ಇಟ್ಟುಕೊಳ್ಳೋಣ. ತಾಯಿಯ ಅಣುಗಳ ಸಂಖ್ಯೆ ತ, ಮಗಳದು ಮ ಆಗಿರಲಿ. ಎರಡರ ದರದ ಸ್ಥಿರಾಂಕಗಳು ಕ1, ಕ2 ಆಗಿರಲಿ. ಆಗ,

ತಾಯಿ ಬದಲಾಗುವ ದರ = − ಕ1 × ತ
ಮಗಳು ಬದಲಾಗುವ ದರ = ಕ1 × ತ − ಕ2 × ಮ

ಎರಡನೆಯ ಸಮೀಕರಣವನ್ನು ಸ್ವಲ್ಪ ದಿಟ್ಟಿಸಿ ನೋಡಬೇಕು. ಮಗಳ ಮೊತ್ತ ಶಿಖರವನ್ನು ಮುಟ್ಟಿದ ಕ್ಷಣದಲ್ಲಿ ಅದು ಏರುವುದೂ ಇಲ್ಲ, ಇಳಿಯುವುದೂ ಇಲ್ಲ, ಬಲಭಾಗ ಸೊನ್ನೆಯಾಗುತ್ತದೆ. ಆಗ ಕ1 × ತ = ಕ2 × ಮ. ಕೊನೆಯ ಮೆಟ್ಟಿಲು ಮೊದಲಿನದಕ್ಕಿಂತ ಹತ್ತುಪಟ್ಟು ನಿಧಾನವಾಗಿದ್ದರೆ, ಶಿಖರದ ಕ್ಷಣದಲ್ಲಿ ತಾಯಿಯ ಒಂದು ಅಣುವಿಗೆ ಮಗಳ ಹತ್ತು ಅಣುಗಳಿರಲೇಬೇಕು. ಸಮೀಕರಣವನ್ನು ಬಿಡಿಸುವ ಶ್ರಮವಿಲ್ಲದೆಯೇ ಇಷ್ಟು ತಿಳಿದುಬಂತು.

ಇನ್ನು ಅಂಕಿಗಳನ್ನು ಹಾಕೋಣ. ಮುಚ್ಚಿದ ತೊಟ್ಟಿಯೊಂದರಲ್ಲಿ ಲೀಟರಿಗೆ 10 ಮಿಲಿಗ್ರಾಂ ಟೆಟ್ರಾಕ್ಲೋರೋಈಥೀನ್ ಇದೆ. ಕ1 ದಿನಕ್ಕೆ 1, ಕ2 ದಿನಕ್ಕೆ 0.1 ಎಂದಿರಲಿ. ಇವು ಲೆಕ್ಕಕ್ಕಾಗಿ ನಾವು ಆರಿಸಿಕೊಂಡ ಬೆಲೆಗಳು. ತೊಟ್ಟಿಯಿಂದ ತೊಟ್ಟಿಗೆ ಇವು ಬೇರೆಯಾಗುತ್ತವೆ. ಟೆಟ್ರಾಕ್ಲೋರೋಈಥೀನಿನ ಅಣುತೂಕ ಸುಮಾರು 166, ವಿನೈಲ್ ಕ್ಲೋರೈಡಿನದು 62.5. ಆದುದರಿಂದ 10 ಮಿಲಿಗ್ರಾಂ ತಾಯಿಯಿಂದ ಹೆಚ್ಚೆಂದರೆ 3.77 ಮಿಲಿಗ್ರಾಂ ಮಗಳು ಹುಟ್ಟಬಹುದು. ಬೇಟ್‌ಮನ್ನನ ಸೂತ್ರದಂತೆ ಎರಡೂವರೆ ದಿನ ಕಳೆಯುವ ಹೊತ್ತಿಗೆ ಮಗಳು ಶಿಖರವನ್ನು ಮುಟ್ಟುತ್ತಾಳೆ. ಆಗ ಲೀಟರಿಗೆ 2.9 ಮಿಲಿಗ್ರಾಂ ವಿನೈಲ್ ಕ್ಲೋರೈಡ್ ಇರುತ್ತದೆ. ತಾಯಿ ಶೇಕಡಾ 8ರಷ್ಟು ಮಾತ್ರ ಉಳಿದಿರುತ್ತಾಳೆ. ತಾಯಿ 5 ಮೈಕ್ರೊಗ್ರಾಂ ಮಿತಿಯೊಳಕ್ಕೆ ಇಳಿಯುವುದು 7.6 ದಿನಗಳಲ್ಲಿ. ಆ ದಿನ ಅವಳನ್ನು ಮಾತ್ರ ಅಳೆದು ನೋಡಿದವನು, "ಶೇಕಡಾ 99.95 ನಾಶವಾಯಿತು, ನೀರು ಶುದ್ಧವಾಯಿತು" ಎಂದು ಬರೆದುಕೊಡಬಹುದು. ಅದೇ ದಿನ ಅದೇ ನೀರಿನಲ್ಲಿ ವಿನೈಲ್ ಕ್ಲೋರೈಡ್ ಲೀಟರಿಗೆ 1.96 ಮಿಲಿಗ್ರಾಂ ಇರುತ್ತದೆ! ಕುಡಿಯುವ ನೀರಿನ ಮಿತಿಯ ಸುಮಾರು ಸಾವಿರದಷ್ಟು. ಅದು 2 ಮೈಕ್ರೊಗ್ರಾಮಿಗೆ ಇಳಿಯಬೇಕಾದರೆ 76 ದಿನಗಳು ಬೇಕು. ಕೊಳಚೆನೀರನ್ನು ಯಾರೂ ಕುಡಿಯುವುದಿಲ್ಲವೆಂಬುದು ನಿಜ. ಮಿತಿಗಳನ್ನು ಇಲ್ಲಿ ಅಳತೆಗೋಲಾಗಿ ಮಾತ್ರ ಹಿಡಿದಿದ್ದೇವೆ. ಆದರೆ ಅದು ಹೋಗಿ ಸೇರುವ ಹೊಳೆಯಿಂದಲೋ ನೆಲದಡಿಯ ನೀರಿನಿಂದಲೋ ಯಾರಾದರೂ ಕುಡಿದಾರು. ಮೂಲವಸ್ತುವೊಂದನ್ನೇ ಅಳೆದು ಕೊಟ್ಟ ಪ್ರಮಾಣಪತ್ರಕ್ಕೆ ನಾವಂತೂ ಬೆಲೆ ಕೊಡಲಾರೆವು.

ರೇಡಿಯಮ್ಮಿನಲ್ಲಿ ಇದಕ್ಕೆ ತದ್ವಿರುದ್ಧವಾದುದನ್ನು ಕಾಣುತ್ತೇವೆ. ಅದರ ಅರ್ಧಾಯು ಸುಮಾರು 1600 ವರ್ಷ, ಮಗಳಾದ ರೇಡಾನಿನದು 4 ದಿನಕ್ಕೂ ಕಡಮೆ. ಹುಟ್ಟಿದ್ದು ಹುಟ್ಟಿದಂತೆ ಅಳಿಯುವುದರಿಂದ ಮಗಳು ಎಂದೂ ರಾಶಿಯಾಗಳು.

ಹೋಲಿಕೆ ಇಲ್ಲಿಯವರೆಗೆ ಚೆನ್ನಾಗಿ ನಡೆಯಿತು, ಮುಂದೆ ಮುರಿದುಬೀಳುತ್ತದೆ. ರೇಡಿಯಮ್ಮಿನ ಪರಮಾಣು ಯಾರ ಹಂಗೂ ಇಲ್ಲದೆ ತಾನಾಗಿ ಒಡೆಯುತ್ತದೆ. ಬೆಂಕಿಯಲ್ಲಿಟ್ಟರೂ ಮಂಜಿನಲ್ಲಿಟ್ಟರೂ ಅದರ ಸ್ಥಿರಾಂಕ ಸ್ಥಿರವೇ. ನಮ್ಮ ಕ1, ಕ2ಗಳಾದರೋ ಜೀವಾಣುಗಳ ಕೈಯಲ್ಲಿವೆ. ಅವು ಹೆಚ್ಚಿದರೆ ಸ್ಥಿರಾಂಕ ಹೆಚ್ಚುತ್ತದೆ, ಹಸಿದರೆ ಕುಗ್ಗುತ್ತದೆ, ಸತ್ತರೆ ಸೊನ್ನೆ. ಆದುದರಿಂದ ಮಾದರಿಯೊಳಕ್ಕೆ ಜೀವಾಣುಗಳನ್ನೂ ಅವುಗಳ ಊಟವನ್ನೂ ತರಬೇಕಾಗುತ್ತದೆ.

ಇದಕ್ಕೆ ಬೇಕಾದ ನಿಯಮವನ್ನು 1940ರ ದಶಕದಲ್ಲಿ ಫ್ರಾನ್ಸಿನ ಜಾಕ್ ಮೊನೊ ಕೊಟ್ಟಿದ್ದಾನೆ. ಆಹಾರ ಕಡಮೆಯಿದ್ದಾಗ ಜೀವಾಣುಗಳ ವೇಗ ಆಹಾರದ ಸಾಂದ್ರತೆಯೊಡನೆ ಏರುತ್ತದೆ. ಆಹಾರ ಹೇರಳವಾದಾಗ ಒಂದು ಗರಿಷ್ಠ ಮಿತಿಗೆ ಬಂದು ನಿಲ್ಲುತ್ತದೆ. ಗರಿಷ್ಠ ವೇಗದ ಅರ್ಧದಷ್ಟು ಬರಲು ಬೇಕಾಗುವ ಸಾಂದ್ರತೆಯನ್ನು ಅರ್ಧವೇಗದ ಸಾಂದ್ರತೆ ಎಂದು ಕರೆಯೋಣ. ಅದು ಚಿಕ್ಕದಾದಷ್ಟೂ ಆ ಜೀವಿ ಅಲ್ಪಾಹಾರದಲ್ಲಿ ಬಾಳಲು ಸಮರ್ಥ.

ಕ್ಲೋರಿನ್ ಕಳಚುವ ಜೀವಾಣುಗಳ ಊಟ ಜಲಜನಕ. ಆದರೆ ಅದೇ ತೊಟ್ಟಿಯಲ್ಲಿ ಜಲಜನಕವನ್ನು ತಿಂದು ಮಿಥೇನ್ ಮಾಡುವ ಜೀವಿಗಳೂ ಇವೆ; ಅವುಗಳ ಸಂಖ್ಯೆಯೂ ದೊಡ್ಡದು. ಒಂದೇ ಎಲೆಗೆ ಎರಡು ಪಂಕ್ತಿ ಕುಳಿತಂತಾಯಿತು. ಗೆಲ್ಲುವವರು ಯಾರು? 1996ರಲ್ಲಿ ಕಾರ್ನೆಲ್‌ನಲ್ಲಿ ಅಳೆದಂತೆ, ಜಲಜನಕಕ್ಕೆ ಕ್ಲೋರಿನ್ ಕಳಚುವವುಗಳ ಅರ್ಧವೇಗದ ಸಾಂದ್ರತೆ ಲೀಟರಿಗೆ ಸುಮಾರು 100 ನ್ಯಾನೊಮೋಲ್. ಮಿಥೇನ್ ಮಾಡುವವುಗಳದು ಸುಮಾರು 1000. ಈಗ ಲೆಕ್ಕ ನೋಡಿ. ಜಲಜನಕ ಧಾರಾಳವಾಗಿ, 10,000 ನ್ಯಾನೊಮೋಲ್ ಇದ್ದರೆ ಮೊದಲನೆಯವು ತಮ್ಮ ಗರಿಷ್ಠ ವೇಗದ ಶೇಕಡಾ 99ರಲ್ಲಿಯೂ ಎರಡನೆಯವು ಶೇಕಡಾ 91ರಲ್ಲಿಯೂ ಉಣ್ಣುತ್ತವೆ. ಹೆಚ್ಚು ವ್ಯತ್ಯಾಸವಿಲ್ಲ, ಊಟದ ಬಹುಪಾಲು ಸಂಖ್ಯೆಯಲ್ಲಿ ಹೆಚ್ಚಿರುವವರ ಪಾಲು. ಜಲಜನಕವನ್ನು 10 ನ್ಯಾನೊಮೋಲಿಗೆ ಇಳಿಸಿದರೆ ಮೊದಲನೆಯವುಗಳ ವೇಗ ಶೇಕಡಾ 9, ಎರಡನೆಯವುಗಳದು ಶೇಕಡಾ 1. ಬಡತನದಲ್ಲಿ ಗೆಲ್ಲುವುದು ನಮಗೆ ಬೇಕಾದ ಜೀವಿಯೇ!

ಇದರಿಂದ ಒಂದು ವ್ಯಾವಹಾರಿಕ ಸೂಚನೆ ದೊರೆಯುತ್ತದೆ. ತೊಟ್ಟಿಗೆ ಜಲಜನಕವನ್ನು ನೇರವಾಗಿ ಊದಬಾರದು. ಒಮ್ಮೆಗೇ ಹುದುಗುವ ಆಹಾರವನ್ನೂ ಸುರಿಯಬಾರದು. ಬ್ಯುಟಿರಿಕ್ ಅಥವಾ ಪ್ರೊಪಿಯಾನಿಕ್ ಆಮ್ಲದಂತಹ ವಸ್ತುಗಳನ್ನು ಕೊಡಬೇಕು. ಬೆಣ್ಣೆ ಕಟುವಾದಾಗ ಬರುವ ವಾಸನೆ ಮೊದಲನೆಯದರದೇ. ಸುತ್ತಲೂ ಜಲಜನಕ ಹೆಚ್ಚಾದರೆ ಇವು ಹುದುಗುವುದು ನಿಂತುಹೋಗುತ್ತದೆ. ಆದುದರಿಂದ ಜಲಜನಕವನ್ನು ತೊಟ್ಟುತೊಟ್ಟಾಗಿ ಮಾತ್ರ ಬಿಟ್ಟುಕೊಡುತ್ತವೆ. ಫೆನೆಲ್ ಮತ್ತು ಗಾಸೆಟ್ 1998ರಲ್ಲಿ ಪ್ರಕಟಿಸಿದ ಗಣಿತಮಾದರಿಯಲ್ಲಿ ಈ ಹುದುಗುವಿಕೆ, ಈ ಸ್ಪರ್ಧೆ, ಕ್ಲೋರಿನ್ ಕಳಚುವಿಕೆ ಮೂರೂ ಒಂದೇ ಚೌಕಟ್ಟಿನಲ್ಲಿ ಬಂದಿವೆ. ಸಾಮಾನ್ಯ ಅವಾಯು ತೊಟ್ಟಿಗಳಿಗೆಂದು ಅಂತರರಾಷ್ಟ್ರೀಯ ಜಲಸಂಘ 2002ರಲ್ಲಿ ಹೊರತಂದ ಮಾದರಿ ಬಹು ವಿಸ್ತಾರವಾದುದು, 19 ಜೀವರಾಸಾಯನಿಕ ಕ್ರಿಯೆಗಳುಳ್ಳದ್ದು; ಆದರೆ ಕ್ಲೋರಿನ್ ಸಂಯುಕ್ತಗಳಿಗೆ ಅದರ ಮೂಲರೂಪದಲ್ಲಿ ಸ್ಥಾನವಿಲ್ಲ, ಬೇಕಾದವರು ಸೇರಿಸಿಕೊಳ್ಳಬೇಕು.

ಇದುವರೆಗೆ ತೊಟ್ಟಿ ಮುಚ್ಚಿದ್ದಿತು. ಕಾರ್ಖಾನೆಯ ತೊಟ್ಟಿಯಾದರೋ ಹರಿಯುವ ತೊಟ್ಟಿ. ಒಳಬಂದಷ್ಟು ನೀರು ಹೊರಹೋಗುತ್ತದೆ, ಹೋಗುವಾಗ ಜೀವಾಣುಗಳನ್ನೂ ಕೊಚ್ಚಿಕೊಂಡು ಹೋಗುತ್ತದೆ. ವಿನೈಲ್ ಕ್ಲೋರೈಡನ್ನೇ ಉಸಿರಾಡಿ ಬೆಳೆಯಬಲ್ಲ ಡೀಹ್ಯಾಲೋಕಾಕಾಯ್ಡಿಸ್ ತಳಿಯೊಂದು 2003ರಲ್ಲಿ ಬೆಳಕಿಗೆ ಬಂತು. ಇಪ್ಪತ್ತು ನಿಮಿಷಗಳಲ್ಲಿ ಇಮ್ಮಡಿಯಾಗಬಲ್ಲ ಕರುಳಿನ ಬ್ಯಾಕ್ಟೀರಿಯಗಳನ್ನು ನೆನೆದರೆ ಇದರದು ಆಮೆಯ ನಡಿಗೆ: ಇಮ್ಮಡಿಯಾಗಲು ಎರಡು ದಿನಕ್ಕೂ ಹೆಚ್ಚು ಬೇಕು. 2.2 ದಿನವೆಂದಿಟ್ಟುಕೊಂಡರೆ ಬೆಳವಣಿಗೆಯ ದರ ದಿನಕ್ಕೆ 0.315 ಆಗುತ್ತದೆ. ಚೆನ್ನಾಗಿ ಕಲಕಿದ ತೊಟ್ಟಿಯಲ್ಲಿ ನೀರು ಸರಾಸರಿ 3.2 ದಿನಗಳಾದರೂ ತಂಗದಿದ್ದರೆ ಈ ಜೀವಾಣು ಹುಟ್ಟುವುದಕ್ಕಿಂತ ವೇಗವಾಗಿ ಕೊಚ್ಚಿಹೋಗುತ್ತದೆ. ಎಂಟು ಗಂಟೆಗಳಲ್ಲಿ ನೀರು ಹಾದುಹೋಗುವ ತೊಟ್ಟಿಯಲ್ಲಿ ಕ2 ಸೊನ್ನೆಯಾಗುವುದು ಖಂಡಿತ. ಬೇಗ ಬೆಳೆಯುವ ಇತರ ಜೀವಿಗಳು ಉಳಿದು ಮೇಲಿನ ಮೆಟ್ಟಿಲುಗಳನ್ನು ಇಳಿಸಿದರೆ, ತೊಟ್ಟಿ ವಿನೈಲ್ ಕ್ಲೋರೈಡ್ ತಯಾರಿಸುವ ಯಂತ್ರವಾಗಿ ಬಿಡುತ್ತದೆ. ಲೆಟಿಂಗನ ಕಾಳುಗಳ ಮಹತ್ವ ಇಲ್ಲಿದೆ. ಕಾಳಿನೊಳಗೆ ಸಿಕ್ಕಿಕೊಂಡ ಜೀವಾಣು ವಾರಗಟ್ಟಲೆ ತಳದಲ್ಲಿ ನಿಲ್ಲಬಲ್ಲದು. ನೀರಿನ ವಾಸದ ಅವಧಿ ಬೇರೆ, ಜೀವಾಣುವಿನ ವಾಸದ ಅವಧಿ ಬೇರೆಯಾಗುತ್ತದೆ.

ಮಾದರಿಯನ್ನು ಕಟ್ಟುವವರು ಎಡವಬಹುದಾದ ಇನ್ನೊಂದು ಕಲ್ಲನ್ನು ಹೇಳಬೇಕು. ವಿನೈಲ್ ಕ್ಲೋರೈಡ್ ಸೊನ್ನೆಗಿಂತ 13 ಡಿಗ್ರಿ ಸೆಂಟಿಗ್ರೇಡ್ ಕೆಳಗೇ ಕುದಿಯುವ ವಸ್ತು. ನೀರಿನಲ್ಲಿ ಕರಗಿದ್ದರೂ ಮೇಲೇಳುವ ಮಿಥೇನ್ ಗುಳ್ಳೆಗಳೊಳಕ್ಕೆ ನುಗ್ಗಿ ಹೊರಟುಹೋಗುತ್ತದೆ. ನೀರನ್ನು ಮಾತ್ರ ಅಳೆದರೆ ಅದು ನಾಶವಾದಂತೆ ಕಾಣುತ್ತದೆ. ನಿಜವಾಗಿ ಅದು ಗಾಳಿಯಲ್ಲಿರುತ್ತದೆ. ಆದುದರಿಂದ ಅಣುಗಳ ಲೆಕ್ಕಪುಸ್ತಕವನ್ನು ನೀರು, ಅನಿಲ ಎರಡಕ್ಕೂ ಸೇರಿಸಿ ಇಡಬೇಕು. ಒಳಬಂದ ಟೆಟ್ರಾಕ್ಲೋರೋಈಥೀನಿನ ಅಣುಗಳಷ್ಟೇ ಅಣುಗಳು ಐದು ಮೆಟ್ಟಿಲುಗಳಲ್ಲಿ ಎಲ್ಲಿಯಾದರೂ ಸಿಕ್ಕಲೇಬೇಕು. ಸಿಕ್ಕದಿದ್ದರೆ ತಪ್ಪು ಅಳತೆಯಲ್ಲಿರಬಹುದು, ತೊಟ್ಟಿಯ ಸೋರಿಕೆಯಲ್ಲಿರಬಹುದು. ಈಥೀನಿನ ಮೆಟ್ಟಿಲು ತುಂಬಿದ್ದಾಗ ಮಾತ್ರ ಕೆಲಸ ಮುಗಿದಿದೆಯೆನ್ನಬಹುದು. ಉಳಿದ ವಿನೈಲ್ ಕ್ಲೋರೈಡಿಗೆ ಎರಡನೆಯ ತೊಟ್ಟಿಯೊಂದನ್ನು ಜೋಡಿಸಿ ಆಮ್ಲಜನಕವನ್ನು ಕೊಡುವುದೂ ಒಂದು ಉಪಾಯ. ನಾಲ್ಕು ಕ್ಲೋರಿನಿನ ತಾಯಿಯ ಮುಂದೆ ಕೈಚೆಲ್ಲುವ ವಾಯುಜೀವಿಗಳಲ್ಲಿ ಕೆಲವು ಒಂದೇ ಕ್ಲೋರಿನಿನ ಈ ಮಗಳನ್ನು ಸುಡಬಲ್ಲವು.

ಕಾಲೇಜು ವಿದ್ಯಾರ್ಥಿಗಳು ಮೇಲಿನ ಲೆಕ್ಕವನ್ನೇ ಕ2 ದಿನಕ್ಕೆ 0.5 ಎಂದಿಟ್ಟು ಮತ್ತೆ ಮಾಡಿನೋಡಲಿ. ಶಿಖರದಲ್ಲಿ ಮಗಳ ಅಣುಗಳು ಮೊದಲಿದ್ದ ತಾಯಿಯ ಸರಿಯಾಗಿ ಅರ್ಧದಷ್ಟಾಗಬೇಕು. 76 ದಿನಗಳ ಕಾಯುವಿಕೆ ಹದಿನಾರೂವರೆ ದಿನಕ್ಕೆ ಇಳಿಯಬೇಕು.